ಮಾರ್ಖಾ ಕಣಿವೆಯಲ್ಲಿ ಹೊತ್ತರಿತು ನಡೆಯುವುದು

ಲೇಹ್‌ನಲ್ಲಿ ವಿಮಾನ ಇಳಿದ ಮೊದಲ ಒಂದೆರಡು ಗಂಟೆ ಏನೂ ಆಗಿಲ್ಲವೆಂದೇ ಅನ್ನಿಸುತ್ತದೆ. ಬಿಸಿಲು ಚುರುಕು, ಗಾಳಿ ತಣ್ಣಗೆ, ಸಿಂಧೂ ನದಿಯ ಆಚೆಗೆ ಸ್ಟೋಕ್ ಸಾಲಿನ ಹಿಮ. ರಾತ್ರಿ ನಿದ್ದೆಗೆಟ್ಟು ಬಂದಿದ್ದರೂ ಮೈಯಲ್ಲಿ ಹುರುಪು ಇರುತ್ತದೆ. ಸಾಮಾನು ಕೋಣೆಗೆ ಹಾಕಿ ಹಳೆಯ ಅರಮನೆಯ ಗುಡ್ಡ ಹತ್ತಿಬಿಡೋಣ ಎನ್ನಿಸುತ್ತದೆ. ಹತ್ತಬೇಡಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ಲೇಹ್ ಇರುವುದು 3,500 ಮೀಟರಿನಲ್ಲಿ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯೂ 2,000 ಮೀಟರ್ ಮುಟ್ಟುವುದಿಲ್ಲ. ಒಂದೇ ಬೆಳಗಿನಲ್ಲಿ ಇಷ್ಟು ಎತ್ತರಕ್ಕೆ ಎತ್ತಿ ಇಟ್ಟದ್ದು ದೇಹಕ್ಕೆ ಗೊತ್ತಾಗಲು ಆರರಿಂದ ಹನ್ನೆರಡು ಗಂಟೆ ಬೇಕು. ತಲೆನೋವು, ಹೊಟ್ಟೆ ತೊಳಸುವುದು, ಊಟ ಬೇಡವೆನ್ನಿಸುವುದು, ಇವೆಲ್ಲ ಶುರುವಾಗುವುದು ಸಂಜೆಗೋ ರಾತ್ರಿಗೋ. ಅಷ್ಟು ಹೊತ್ತಿಗೆ ಬೆಳಗಿನ ಹುರುಪು ನಂಬಿ ಗುಡ್ಡ ಹತ್ತಿದ್ದರೆ ಮೂರು ದಿನದ ಚೈತನ್ಯ ಅಲ್ಲೇ ಖರ್ಚಾಗಿರುತ್ತದೆ.

ಮಾರ್ಖಾ ಚಾರಣಕ್ಕೆ ಹೊರಟವರು ನನ್ನನ್ನು ಕೇಳುವುದು ಯಾವ ಶೂ ಕೊಳ್ಳಬೇಕು, ಎಷ್ಟು ಕಿಲೋಮೀಟರ್ ನಡೆಯಬೇಕು ಎಂದು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಆ ಕಣಿವೆಯಲ್ಲಿ ಕಾಲಿನ ಬಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಹೊತ್ತಿನ ತಿಳಿವಳಿಕೆ. ದೇಹಕ್ಕೆ ಎಷ್ಟು ದಿನ ಕೊಡಬೇಕು, ಹೊಳೆಯನ್ನು ಯಾವ ಹೊತ್ತಿಗೆ ದಾಟಬೇಕು, ಯಾವ ಮನೆಯ ಸರದಿಯ ದಿನ ನಾವು ಅತಿಥಿಗಳು, ಇಷ್ಟು ಗೊತ್ತಿದ್ದರೆ ಸಾಧಾರಣ ಕಸುವಿನವರೂ ನೆಮ್ಮದಿಯಾಗಿ ನಡೆದು ಬರಬಹುದು.

ಮಾರ್ಖಾ ಹೊಳೆ ಲೇಹ್‌ನ ದಕ್ಷಿಣಕ್ಕೆ, ಸ್ಟೋಕ್ ಸಾಲಿನ ಬೆನ್ನ ಹಿಂದೆ ಹರಿದು ಝನ್‌ಸ್ಕಾರ್ ನದಿಯನ್ನು ಸೇರುತ್ತದೆ. ಆ ಝನ್‌ಸ್ಕಾರ್ ನಿಮ್ಮು ಎಂಬಲ್ಲಿ ಸಿಂಧೂವಿಗೆ ಕೂಡುತ್ತದೆ. ಕಣಿವೆ ಪೂರ್ತಿ 1981ರಲ್ಲಿ ಸ್ಥಾಪನೆಯಾದ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿದೆ. ಹಿಮಚಿರತೆಗೆ ಹೆಸರಾದ ಕಾಡು ಇದು, ಆದರೆ ಕಾಡೆಂದರೆ ನಾವು ಅಂದುಕೊಳ್ಳುವ ಮರಗಳ ಕಾಡಲ್ಲ. ಲೇಹ್‌ಗೆ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಮಳೆಗಾಲದ ಒಂದು ಜೋರು ದಿನಕ್ಕೆ ಅಷ್ಟು ಬೀಳುತ್ತದೆ. ಮೋಡಗಳನ್ನು ಹಿಮಾಲಯದ ದಕ್ಷಿಣದ ಗೋಡೆ ತಡೆದುಬಿಡುವುದರಿಂದ ನಮ್ಮ ಸಹ್ಯಾದ್ರಿಯ ದಾರಿಗಳು ಜಿಗಣೆ, ಜಾರಿಕೆಯಲ್ಲಿ ಮುಚ್ಚಿಹೋಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನಡಿಗೆಯ ಕಾಲ. ಹಾಗೆಂದು ಮಳೆಯೇ ಇಲ್ಲವೆಂದು ತಿಳಿಯಬಾರದು. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟ ಲೇಹ್ ಪಟ್ಟಣವನ್ನೇ ಕೊಚ್ಚಿತ್ತು. ಮೋಡ ಕಟ್ಟಿದ ದಿನ ಇಕ್ಕಟ್ಟಿನ ಕೊರಕಲುಗಳಲ್ಲಿ ತಂಗಬಾರದು, ಡೇರೆ ಹಾಕಬಾರದು.

ಅಲ್ಲಿನ ಜನರ ಮಾತು, ಮನೆ, ಮಠ ಎಲ್ಲದರ ಮೇಲೂ ಟಿಬೆಟ್ಟಿನ ಗುರುತು ಇದೆ. ಆದರೂ ಲಡಾಖ್ ಎಂಬುದು ಟಿಬೆಟ್ಟಿನ ನಕಲಲ್ಲ. 19ನೇ ಶತಮಾನದಲ್ಲಿ ಜಮ್ಮುವಿನ ಡೋಗ್ರಾ ದಂಡನಾಯಕ ಜೋರಾವರ್ ಸಿಂಗ್ ಗೆಲ್ಲುವ ತನಕ ಅದು ತನ್ನದೇ ರಾಜರಿದ್ದ ನಾಡಾಗಿತ್ತು. ಭಾಷೆ ಟಿಬೆಟನ್ ಬಳಗದ್ದು, ಲಿಪಿಯೂ ಅದೇ. ವಿಶೇಷವೆಂದರೆ ಲ್ಹಾಸಾದ ಬಾಯಲ್ಲಿ ಸವೆದುಹೋದ ಒತ್ತಕ್ಷರಗಳು ಲಡಾಖಿಗರ ಬಾಯಲ್ಲಿ ಇನ್ನೂ ಉಳಿದಿವೆ. ನಕ್ಷತ್ರಕ್ಕೆ ಲ್ಹಾಸಾದವರು ‘ಕರ್ಮ’ ಎಂದರೆ ಇವರು ‘ಸ್ಕರ್ಮ’ ಎನ್ನುತ್ತಾರೆ. ಹವ್ಯಕ ಕನ್ನಡದಲ್ಲಿ ಹಳಗನ್ನಡದ ರೂಪಗಳು ಉಳಿದುಕೊಂಡ ಹಾಗೆ. ಬೈಲಕುಪ್ಪೆ, ಮುಂಡಗೋಡುಗಳ ಗೊಂಪಾಗಳನ್ನು, ಅಂದರೆ ಬೌದ್ಧ ಮಠಗಳನ್ನು, ನೋಡಿದ ಕನ್ನಡಿಗರಿಗೆ ಮಾರ್ಖಾದ ಪ್ರಾರ್ಥನಾ ಚಕ್ರ, ಬೆಣ್ಣೆ ದೀಪ, ಗಾಳಿಗೆ ಬಡಿಯುವ ಐದು ಬಣ್ಣದ ಬಾವುಟ ಯಾವುದೂ ಹೊಸದೆನ್ನಿಸುವುದಿಲ್ಲ. ಲಡಾಖಿನ ಎಷ್ಟೋ ಭಿಕ್ಷುಗಳು ಓದುವುದಕ್ಕೆ ಬರುವುದು ನಮ್ಮ ಈ ಎರಡು ಊರುಗಳ ಸೆರಾ, ಡ್ರೆಪುಂಗ್, ಗಾಂದೆನ್ ಮಠಗಳಿಗೇ. ಹಾಗಾಗಿ ಯಾವುದಾದರೂ ಮನೆಯಲ್ಲಿ ‘ಕರ್ನಾಟಕ’ ಎಂದರೆ ಅಲ್ಲಿನವರ ಮುಖ ಅರಳಬಹುದು, ಮಗನೋ ತಮ್ಮನೋ ಇಲ್ಲಿದ್ದಿರಬಹುದು.

ಮತ್ತೆ ದೇಹದ ಮಾತಿಗೆ ಬರೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ ಎನ್ನುತ್ತೇವೆ. ನಿಜವಾಗಿ ಗಾಳಿಯಲ್ಲಿ ಅದರ ಪಾಲು ಎಲ್ಲ ಕಡೆಯೂ ಶೇ. 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡು ಪಾಲು, ಚಾರಣದ ಕೊನೆಯ ಘಾಟಿಯ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಕತ್ತಿನ ರಕ್ತನಾಳಗಳ ಬಳಿ ಇರುವ ಪುಟ್ಟ ಗ್ರಾಹಕಗಳು ಇದನ್ನು ಗುರುತಿಸಿ ಉಸಿರಾಟವನ್ನು ಚುರುಕು ಮಾಡುತ್ತವೆ. ಹೆಚ್ಚು ಉಸಿರಾಡಿದರೆ ಆಮ್ಲಜನಕವೇನೋ ಹೆಚ್ಚು ಬರುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಗೆ ಹೋಗುತ್ತದೆ. ಆಗ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ರಾತ್ರಿ ಮಲಗಿದಾಗ ಉಸಿರು ಜೋರಾಗಿ ಎಳೆದು, ಕೆಲವು ಕ್ಷಣ ನಿಂತು, ಮತ್ತೆ ಗಕ್ಕನೆ ಶುರುವಾಗುವುದು ಈ ಹಗ್ಗಜಗ್ಗಾಟದಿಂದಲೇ. ಪಕ್ಕದಲ್ಲಿ ಮಲಗಿದವರಿಗೆ ಗಾಬರಿ ಹುಟ್ಟಿಸುವ ಸಂಗತಿ, ಆದರೆ ಎತ್ತರದಲ್ಲಿ ಅದು ಸಾಮಾನ್ಯ.

ಈ ಜಗ್ಗಾಟ ಬಿಡಿಸುವುದು ಮೂತ್ರಪಿಂಡ. ರಕ್ತದಲ್ಲಿ ಹೆಚ್ಚಾದ ಬೈಕಾರ್ಬೊನೇಟನ್ನು ಅದು ಮೂತ್ರದಲ್ಲಿ ಹೊರಗೆ ಕಳುಹಿಸಿ ರಕ್ತವನ್ನು ಸಮತೋಲಕ್ಕೆ ತರುತ್ತದೆ. ಆಮೇಲೆ ಶ್ವಾಸಕೋಶ ಅಡ್ಡಿಯಿಲ್ಲದೆ ಹೆಚ್ಚು ಉಸಿರಾಡಬಹುದು. ಆದರೆ ಈ ಕೆಲಸಕ್ಕೆ ದಿನಗಳು ಹಿಡಿಯುತ್ತವೆ, ಎಷ್ಟೇ ವ್ಯಾಯಾಮ ಮಾಡಿದವರಿಗೂ ಅಷ್ಟೇ ದಿನ. ಮ್ಯಾರಥಾನ್ ಓಡುವವರು ಲೇಹ್‌ನಲ್ಲಿ ಹಾಸಿಗೆ ಹಿಡಿಯುವುದು, ಅವರ ಜೊತೆ ಬಂದ ಮಧ್ಯವಯಸ್ಸಿನ ಅಕ್ಕ ಹಾಯಾಗಿ ಓಡಾಡುವುದು ಇದರಿಂದಲೇ. ಮೇಲೆ ಹೋದಂತೆ ಮೂತ್ರ ಹೆಚ್ಚಾದರೆ ಹೆದರುವುದು ಬೇಡ. ದೇಹ ಒಗ್ಗಿಕೊಳ್ಳುತ್ತಿದೆ ಎಂದರ್ಥ. ರಾತ್ರಿ ಎದ್ದು ಹೊರಗೆ ಹೋಗಲು ಬೇಜಾರೆಂದು ನೀರು ಕುಡಿಯುವುದನ್ನು ಬಿಡಬಾರದು.

ಡಯಮಾಕ್ಸ್ ಎಂಬ ಮಾತ್ರೆ, ಅಂದರೆ ಅಸೆಟಜೋಲಮೈಡ್, ಮಾಡುವುದು ಮೂತ್ರಪಿಂಡದ ಈ ಕೆಲಸವನ್ನು ಬೇಗ ಶುರುಮಾಡುವುದನ್ನೇ. ಅದು ನೋವು ಮರೆಸುವ ಮಾತ್ರೆಯಲ್ಲ. ಮುನ್ನೆಚ್ಚರಿಕೆಗೆ ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ. ಬೆರಳ ತುದಿ ಜುಮುಗುಡುತ್ತದೆ. ಸಲ್ಫಾ ಔಷಧಿ ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು ಊರಿನಲ್ಲೇ ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೂ ಇದೇ ಮಾತು.

ಲೇಹ್‌ಗೆ ಹೋಗಲು ಮೂರು ದಾರಿ. ವಿಮಾನದ್ದು ಬೇಗದ ದಾರಿ, ದೇಹಕ್ಕೆ ಕಠಿಣ. ಶ್ರೀನಗರದ ರಸ್ತೆ ಎಲ್ಲಕ್ಕಿಂತ ಸೌಮ್ಯ: 1,600 ಮೀಟರಿನ ಶ್ರೀನಗರದಿಂದ ಹೊರಟು ಸುಮಾರು 2,700 ಮೀಟರಿನ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಮಲಗಿ, 4,108 ಮೀಟರಿನ ಫೋತು ಲಾ ದಾಟಿ ಲೇಹ್‌ಗೆ ಇಳಿಯಬಹುದು. ಮನಾಲಿ ರಸ್ತೆ ನೋಡಲು ಭವ್ಯ, ಆದರೆ ಅದರ ತಂಗುದಾಣಗಳಲ್ಲೊಂದಾದ ಸರ್ಚು 4,200 ಮೀಟರಿಗೂ ಮೇಲಿದೆ. ಮೊದಲ ರಾತ್ರಿಯೇ ಅಲ್ಲಿ ಮಲಗುವುದು ದೊಡ್ಡ ತಪ್ಪು. ಆ ದಾರಿಯಲ್ಲಿ ಬರುವವರು ಜಿಸ್ಪಾದಲ್ಲಿ, ಸುಮಾರು 3,200 ಮೀಟರಿನಲ್ಲಿ, ಎರಡು ರಾತ್ರಿ ಕಳೆಯಲಿ. ವಿಮಾನದಲ್ಲಿ ಬಂದವರು ಲೇಹ್‌ನಲ್ಲಿ ಕಡಿಮೆಯೆಂದರೆ ಮೂರು ರಾತ್ರಿ ಇರಬೇಕು. ಮೊದಲ ದಿನ ಮಲಗಿ ಇಲ್ಲವೇ ಕೂತು ಕಳೆಯುವುದು, ಎರಡನೆಯ ದಿನ ಸಮತಟ್ಟಿನಲ್ಲಿ ಓಡಾಡುವುದು, ಮೂರನೆಯ ದಿನ ಶಾಂತಿ ಸ್ತೂಪದ ಮೆಟ್ಟಿಲು. ಹೆಂಡ ಬೇಡ, ನಿದ್ದೆ ಮಾತ್ರೆಯೂ ಬೇಡ; ನಿದ್ದೆ ಮಾತ್ರೆ ಉಸಿರಾಟವನ್ನು ಇನ್ನಷ್ಟು ತಗ್ಗಿಸುತ್ತದೆ.

ಕಾಯಿಲೆಯ ಮೂರು ಹಂತ ನೆನಪಿರಲಿ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಅದು ಮೊದಲ ಹಂತ. ಅದೇ ಎತ್ತರದಲ್ಲಿ ನಿಲ್ಲಬೇಕು, ಒಂದಡಿಯೂ ಮೇಲೆ ಹೋಗಬಾರದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಬೇಕು. ಮಾತು ತೊದಲಿದರೆ, ನಡಿಗೆ ತೂರಾಡಿದರೆ ಮಿದುಳು ಊದಿಕೊಳ್ಳುತ್ತಿದೆ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಅದರ ಮೇಲೆ ನಡೆಯಲು ಹೇಳಿ. ಆಗದಿದ್ದರೆ ರಾತ್ರಿಯೇ ಇರಲಿ, ಮಳೆಯೇ ಇರಲಿ, ಕೆಳಗೆ ಇಳಿಸಲೇಬೇಕು. ಆ ಮನುಷ್ಯ ತಾನು ಸರಿಯಾಗಿದ್ದೇನೆ ಎಂದೇ ಹೇಳುತ್ತಿರುತ್ತಾನೆ. ಅವನ ಮಾತು ಕೇಳಬಾರದು.

ಈಗ ದಾರಿ. ಹಳೆಯ ಚಾರಣಿಗರು ಲೇಹ್‌ನ ಬುಡದಿಂದಲೇ, ಝಿಂಗ್ಚೆನ್, ರುಮ್‌ಬಾಕ್ ಹಾದು, ಸುಮಾರು 4,900 ಮೀಟರಿನ ಗಂಡಾ ಲಾ ದಾಟಿ ಮಾರ್ಖಾಕ್ಕೆ ಇಳಿಯುತ್ತಿದ್ದರು. ‘ಲಾ’ ಎಂದರೆ ನಮ್ಮ ಘಾಟಿ. ಹೊಸಬರಿಗೆ ನಾನು ಹೇಳುವುದು ಚಿಲ್ಲಿಂಗ್ ಕಡೆಯಿಂದ ಹೋಗಿ ಎಂದು. ಲೇಹ್‌ನಿಂದ ಗಾಡಿಯಲ್ಲಿ ನಿಮ್ಮು ಸಂಗಮ ನೋಡಿ, ಝನ್‌ಸ್ಕಾರ್ ದಂಡೆ ಹಿಡಿದು ಚಿಲ್ಲಿಂಗ್ ಸೇರಿ, ಸೇತುವೆ ದಾಟಿ ಸ್ಕ್ಯೂ ಹಳ್ಳಿಯಲ್ಲಿ ಮಲಗುವುದು. ಸ್ಕ್ಯೂ ಲೇಹ್‌ಗಿಂತ ತುಸು ತಗ್ಗಿನಲ್ಲಿದೆ. ಮೊದಲ ರಾತ್ರಿಯೇ ಮೇಲಕ್ಕೆ ಹಾರುವ ಬದಲು ಹೀಗೆ ತಗ್ಗಿನಲ್ಲಿ ಶುರುಮಾಡಿದರೆ ದೇಹಕ್ಕೆ ಇನ್ನೊಂದು ದಿನ ಸಿಕ್ಕಂತೆ. ಚಿಲ್ಲಿಂಗ್‌ನಲ್ಲಿ ಒಂದು ಗಂಟೆ ನಿಲ್ಲುವುದು ಒಳ್ಳೆಯದು. ತಾಮ್ರ, ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. 17ನೇ ಶತಮಾನದಲ್ಲಿ ಲೇಹ್ ಬಳಿಯ ಶೇ ಊರಿನ ದೊಡ್ಡ ಬುದ್ಧನ ವಿಗ್ರಹವನ್ನು ಮಾಡಲು ನೇಪಾಳದಿಂದ ಕರೆಸಿದ ಕುಶಲಕರ್ಮಿಗಳ ವಂಶದವರೆಂದು ಅಲ್ಲಿನ ಕಂಚುಗಾರರು ಹೇಳಿಕೊಳ್ಳುತ್ತಾರೆ. ಅವರು ಮಾಡಿದ ಚಹಾ ಪಾತ್ರೆ, ಸೌಟುಗಳನ್ನು ಮುಂದೆ ಕಣಿವೆಯ ಅಡಿಗೆಮನೆಗಳ ಗೋಡೆಯ ಮೇಲೆ ನೋಡುತ್ತೀರಿ.

ಗಾಡಿ ರಸ್ತೆ ವರ್ಷ ವರ್ಷವೂ ಕಣಿವೆಯೊಳಗೆ ಮುಂದೆ ಸಾಗುತ್ತಿದೆ. ಕಾಯಿಲೆಯವರನ್ನು ಹೊತ್ತುಕೊಂಡು ಘಾಟಿ ದಾಟಬೇಕಿದ್ದ ಹಳ್ಳಿಗರಿಗೆ ಅದು ಜೀವದ ಪ್ರಶ್ನೆ. ನಮ್ಮ ಕಾಲುದಾರಿ ಕೆಟ್ಟಿತೆಂದು ಕೊರಗುವ ಹಕ್ಕು ನಮಗಿದೆ ಎಂದು ನನಗನ್ನಿಸುವುದಿಲ್ಲ. ಹೊರಡುವ ಮುನ್ನ ರಸ್ತೆ ಎಲ್ಲಿಯವರೆಗೆ ಬಂದಿದೆ ಎಂದು ಲೇಹ್‌ನಲ್ಲಿ ಕೇಳಿಕೊಂಡರೆ ಸಾಕು.

ಸ್ಕ್ಯೂದಿಂದ ಮಾರ್ಖಾ ಹಳ್ಳಿಗೆ ಉದ್ದದ ದಿನ, ಏಳೆಂಟು ಗಂಟೆಯ ನಡಿಗೆ. ಏರು ಹೆಚ್ಚಿಲ್ಲ, ಬಿಸಿಲು ಹೆಚ್ಚು. ನಡುವೆ ಸಾರಾ ಎಂಬಲ್ಲಿ ತಂಗಿ ಅದನ್ನು ಎರಡಾಗಿ ಒಡೆಯಬಹುದು. ಹೊಳೆಯ ದಂಡೆಯಲ್ಲಿ ಕಾಡುಗುಲಾಬಿ, ಸೀಬಕ್‌ಥಾರ್ನ್ ಮುಳ್ಳುಪೊದೆ, ವಿಲ್ಲೋ ಮರಗಳು. ಮೇಲೆ ಕೆಂಪು, ಊದಾ, ಹಸಿರು ಬಣ್ಣದ ಬೋಳು ಬಂಡೆಗೋಡೆ. ಅಲ್ಲಲ್ಲಿ ಹಳ್ಳಿಯ ಹೆಂಗಸರು ಸೇನೆಯ ಹಳೆಯ ಪ್ಯಾರಾಚೂಟ್ ಬಟ್ಟೆಯ ಡೇರೆ ಹಾಕಿ ಚಹಾ, ಮ್ಯಾಗಿ ಮಾರುತ್ತಾರೆ. ಆ ನೆರಳಿನಲ್ಲಿ ಕೂತು ಹೋಗಿ.

ಹೋಮ್‌ಸ್ಟೇ ವ್ಯವಸ್ಥೆ ಹೇಗೆ ಹುಟ್ಟಿತೆಂದು ತಿಳಿದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ತಾನಾಗಿ ತಿಳಿಯುತ್ತದೆ. ಮೊದಲು ಚಾರಣದ ಗುಂಪುಗಳು ಡೇರೆ, ದಿನಸಿ, ಅಡಿಗೆಯವರು, ಕುದುರೆ ಎಲ್ಲವನ್ನೂ ಲೇಹ್‌ನಿಂದಲೇ ತರುತ್ತಿದ್ದವು. ಹಣ ಲೇಹ್‌ನಲ್ಲೇ ಉಳಿಯುತ್ತಿತ್ತು. ಹಳ್ಳಿಯ ಪಾಲಿಗೆ ಬರುತ್ತಿದ್ದದ್ದು ಕಸ ಮತ್ತು ಕುದುರೆಗಳು ಮೇಯ್ದು ಬರಿದಾದ ಹುಲ್ಲುಗಾವಲು. ಇತ್ತ ಹಿಮಚಿರತೆ ರಾತ್ರಿ ದೊಡ್ಡಿಗೆ ನುಗ್ಗಿದರೆ ಒಂದು ಕುರಿ ತಿಂದು ಹೋಗುವುದಿಲ್ಲ. ಇಕ್ಕಟ್ಟಿನಲ್ಲಿ ಬೆದರಿ ಓಡಾಡುವ ಹಿಂಡನ್ನು ಕಂಡು ಒಂದರ ಮೇಲೊಂದು ಕೊಲ್ಲುತ್ತಲೇ ಹೋಗುತ್ತದೆ. ಬೆಳಗಾದರೆ ಒಂದು ಸಂಸಾರದ ಆಸ್ತಿಯೇ ನೆಲಕ್ಕೊರಗಿರುತ್ತದೆ. ಸಿಟ್ಟಿನಲ್ಲಿ ಹಳ್ಳಿಗರು ಚಿರತೆಯನ್ನು ಕೊಲ್ಲುತ್ತಿದ್ದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ರುಮ್‌ಬಾಕ್ ಹಳ್ಳಿಯವರ ಜೊತೆ ಕೂತು ಎರಡು ಕೆಲಸ ಮಾಡಿತು. ದೊಡ್ಡಿಗಳಿಗೆ ತಂತಿಬಲೆಯ ಚಾವಣಿ, ಭದ್ರವಾದ ಬಾಗಿಲು ಹಾಕಿಸಿದ್ದು ಒಂದು. ಪ್ರವಾಸಿಗರನ್ನು ಮನೆಗಳಲ್ಲೇ ಇಳಿಸಿಕೊಂಡು ಚಿರತೆಯ ಹೆಸರಿನಿಂದ ಬರುವ ಹಣ ಹಳ್ಳಿಗೇ ಸಿಗುವಂತೆ ಮಾಡಿದ್ದು ಇನ್ನೊಂದು. ಅಲ್ಲಿಂದ ಇದು ಮಾರ್ಖಾ ಕಣಿವೆಗೂ ಹಬ್ಬಿತು. ನಾವು ಕೊಡುವ ರಾತ್ರಿಯ ಬಾಡಿಗೆ, ಒಂದು ಲೆಕ್ಕದಲ್ಲಿ, ಸತ್ತ ಕುರಿಗಳ ಪರಿಹಾರ.

ಹಲವು ಹಳ್ಳಿಗಳಲ್ಲಿ ಅತಿಥಿಗಳು ಮನೆಗಳಿಗೆ ಸರದಿಯ ಪ್ರಕಾರ ಹೋಗುತ್ತಾರೆ. ಮೊದಲು ಸಿಕ್ಕ ಮನೆಯಲ್ಲಿ ಕೇಳಿದರೆ ಇವತ್ತು ಯಾರ ಸರದಿಯೆಂದು ಹೇಳುತ್ತಾರೆ. ಆ ಮನೆಗೇ ಹೋಗಬೇಕು. ಬಿಸಿನೀರು ಇದೆಯೇ, ಕಿಟಕಿಯಿಂದ ಹಿಮಗಿರಿ ಕಾಣುತ್ತದೆಯೇ ಎಂದು ಮನೆ ಮನೆ ನೋಡಿ ಆರಿಸುವುದು, ದರ ಜಗ್ಗುವುದು ಆ ಏರ್ಪಾಡನ್ನೇ ಕದಲಿಸುತ್ತದೆ. ಹಳ್ಳಿಗೆ ಸರದಿ ಹೊಸದಲ್ಲ. ಮೇಕೆ ಕಾಯುವುದಕ್ಕೆ ಮನೆಗೊಂದು ದಿನದಂತೆ ಪಾಳಿ ಇದೆ, ಅದಕ್ಕೆ ‘ರರೆಸ್’ ಎನ್ನುತ್ತಾರೆ. ರ ಎಂದರೆ ಮೇಕೆ, ರೆಸ್ ಎಂದರೆ ಸರದಿ. ಗದ್ದೆಗೆ ನೀರು ಬಿಡುವುದಕ್ಕೂ ಪಾಳಿ, ಅದನ್ನು ನೋಡಿಕೊಳ್ಳುವವನು ‘ಚುರ್ಪೊನ್’. ನಮ್ಮ ಕೆರೆಯ ನೀರುಗಂಟಿಯೇ ಅವನು. ಅತಿಥಿಯೂ ಹಾಗೆಯೇ, ಹರಿದು ಬರುವ ನೀರಿನಂತೆ ಎಲ್ಲ ಮನೆಗೂ ಸಲ್ಲಬೇಕು. ದರ ತಲೆಗೆ ಇಷ್ಟೆಂದು ನಿಗದಿಯಾಗಿರುತ್ತದೆ, ಅದರಲ್ಲಿ ರಾತ್ರಿಯ ಊಟ, ಬೆಳಗಿನ ತಿಂಡಿ, ದಾರಿಗೆ ಬುತ್ತಿ ಸೇರಿರುತ್ತವೆ. ಚಿಲ್ಲರೆ ನೋಟು ತುಂಬಾ ಇಟ್ಟುಕೊಳ್ಳಿ. ಕಣಿವೆಯಲ್ಲಿ ಎಟಿಎಂ ಇಲ್ಲ.

ಒಳಗೆ ಹೋದಾಗ ‘ಜೂಲೇ’ ಎನ್ನುವುದು. ನಮಸ್ಕಾರಕ್ಕೂ ಅದೇ, ಹೋಗಿ ಬರುತ್ತೇವೆ ಎನ್ನುವುದಕ್ಕೂ ಅದೇ. ಹೆಸರಿಗೋ ಸಂಬಂಧಕ್ಕೋ ‘ಲೆ’ ಸೇರಿಸಿದರೆ ನಮ್ಮ ‘ಅವರೇ’ ಎಂಬ ಗೌರವ ಬರುತ್ತದೆ: ಮನೆಯೊಡತಿ ‘ಅಮಾ-ಲೆ’, ಅಜ್ಜಿ ‘ಅಬಿ-ಲೆ’, ಅಜ್ಜ ‘ಮೆಮೆ-ಲೆ’, ಅಣ್ಣ ‘ಅಚೊ-ಲೆ’. ಬದುಕೆಲ್ಲ ನಡೆಯುವುದು ಅಡಿಗೆಮನೆಯಲ್ಲಿ. ಗೋಡೆಯುದ್ದಕ್ಕೂ ಹಾಸಿದ ತಗ್ಗು ಹಾಸುಗಳಲ್ಲಿ ಒಲೆಗೆ ಹತ್ತಿರದ ತುದಿ ಹಿರಿಯರಿಗೆ, ಭಿಕ್ಷುಗಳಿಗೆ. ನಾವಾಗಿ ಅಲ್ಲಿ ಹೋಗಿ ಕೂರದೆ, ತೋರಿಸಿದ ಕಡೆ ಕೂರುವುದು. ಒಲೆ ದೇವರ ಜಾಗ. ಅದರ ಕಡೆ ಕಾಲು ಚಾಚಬಾರದು, ಬಿಸ್ಕೆಟ್ ಹೊದಿಕೆಯನ್ನೋ ಟಿಶ್ಯೂವನ್ನೋ ಅದರೊಳಗೆ ಎಸೆಯಬಾರದು. ಸೌದೆ ಅಪರೂಪವಾದ ನೆಲದಲ್ಲಿ ಒಲೆ ಉರಿಯುವುದು ಬೇಸಿಗೆಯಿಡೀ ಆರಿಸಿ ಒಣಗಿಸಿಟ್ಟ ಸಗಣಿಯಿಂದ. ಆ ಸಗಣಿಯೂ ಲೆಕ್ಕದ್ದೇ, ಹಾಗಾಗಿ ಬಿಸಿನೀರಿನ ಸ್ನಾನ ಕೇಳುವುದನ್ನು ನಾನು ಬಿಟ್ಟಿದ್ದೇನೆ.

ಊಟ ಕನ್ನಡಿಗರಿಗೆ ಕಷ್ಟವಾಗುವುದಿಲ್ಲ. ಬಾರ್ಲಿ ಹುರಿದು ಬೀಸಿದ ‘ಙಂಫೆ’ ನಮ್ಮ ಹುರಿಹಿಟ್ಟು. ಬಾರ್ಲಿ, ಬಟಾಣಿ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ಉಂಡೆ ಕಟ್ಟಿದ ‘ಪಾಬಾ’ವನ್ನು ನೋಡಿದರೆ ಮುದ್ದೆಯೇ. ಅದನ್ನು ಅದ್ದಿ ತಿನ್ನುವ ‘ತಂಗ್ತುರ್’ ಮೊಸರಿಗೆ ಬೆಟ್ಟದ ಸೊಪ್ಪು ಸೇರಿಸಿದ್ದು, ಮಲೆನಾಡಿನ ತಂಬುಳಿಯ ಒಡಹುಟ್ಟು. ‘ಸ್ಕ್ಯು’ ಎಂದರೆ ಹೆಬ್ಬೆರಳಿನಿಂದ ಒತ್ತಿದ ಗೋಧಿಹಿಟ್ಟಿನ ತುಣುಕುಗಳನ್ನು ತರಕಾರಿಯೊಂದಿಗೆ ಬೇಯಿಸಿದ್ದು. ಮಾಂಸ ತಿನ್ನದವರು ಮೊದಲೇ ಹೇಳಿದರೆ ಸಾಕು. ಅನ್ನ, ಬೇಳೆ ಬೇಯಬೇಕಾದರೆ ಕುಕ್ಕರ್ ಬೇಕೇಬೇಕು, ಏಕೆಂದರೆ ಅಷ್ಟು ಎತ್ತರದಲ್ಲಿ ನೀರು 100 ಡಿಗ್ರಿಯವರೆಗೆ ಕಾಯುವುದೇ ಇಲ್ಲ, 87ರ ಸುಮಾರಿಗೇ ಕುದಿಯುತ್ತದೆ. ಗುರ್‌ಗುರ್ ಚಹಾ, ಅಂದರೆ ಉಪ್ಪು ಬೆಣ್ಣೆ ಹಾಕಿ ಕಡೆದ ಚಹಾ, ಮೊದಲ ಗುಟುಕಿಗೆ ಹಿಡಿಸದವರು ಅದನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿಯಿರಿ. ಒಣಗಾಳಿಯಲ್ಲಿ ನಡೆದು ಬಂದ ಮೈಗೆ ಬೇಕಾದ ನೀರು, ಉಪ್ಪು, ಕೊಬ್ಬು ಮೂರೂ ಅದರಲ್ಲಿವೆ. ಬಟ್ಟಲು ಖಾಲಿಯಾದಂತೆ ಅಮಾ-ಲೆ ‘ದೊನ್-ಲೆ’ ಎನ್ನುತ್ತ ತುಂಬುತ್ತಲೇ ಇರುತ್ತಾರೆ. ಸಾಕೆನ್ನಿಸಿದಾಗ ತುಂಬಿದ ಬಟ್ಟಲನ್ನು ಹಾಗೇ ಬಿಟ್ಟು, ಏಳುವಾಗ ಕುಡಿದು ಮುಗಿಸುವುದು ರೂಢಿ.

ಪಾಯಿಖಾನೆ ಒಣಗಿನದು. ಮೇಲಿನ ಅಂತಸ್ತಿನ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಸಲಿಕೆ. ಆದಮೇಲೆ ಎರಡು ಸಲಿಕೆ ಮಣ್ಣು ಹಾಕಬೇಕು. ಕೆಳಗೆ ಅದು ಗೊಬ್ಬರವಾಗಿ ವಸಂತದಲ್ಲಿ ಹೊಲಕ್ಕೆ ಹೋಗುತ್ತದೆ. ನೀರು ಸುರಿದರೆ, ಪ್ಲಾಸ್ಟಿಕ್ ಅಥವಾ ಸ್ಯಾನಿಟರಿ ಪ್ಯಾಡ್ ಹಾಕಿದರೆ ಗೊಬ್ಬರ ಕೆಡುತ್ತದೆ, ಒಂದು ವರ್ಷದ ಬೆಳೆಗೆ ಪೆಟ್ಟು. ಅಂಥ ಕಸವನ್ನೆಲ್ಲ ಚೀಲದಲ್ಲಿ ಕಟ್ಟಿ ಲೇಹ್‌ವರೆಗೆ ಹೊತ್ತು ತರುವುದು ನಮ್ಮ ಕೆಲಸ.

ದಾರಿಯಲ್ಲಿ ಎದುರಾಗುವ ಮಣಿಗೋಡೆ, ಚೊರ್ಟೆನ್ ಎಂಬ ಸ್ತೂಪಗಳು ನಮ್ಮ ಬಲಗೈ ಕಡೆ ಇರುವಂತೆ ಹಾದುಹೋಗಬೇಕು, ಪ್ರದಕ್ಷಿಣೆಯ ಕ್ರಮ. ಕಾಲುದಾರಿ ಅಲ್ಲಿ ಎರಡಾಗಿ ಸೀಳಿರುವುದು ಹೋಗುವವರು, ಬರುವವರು ಇಬ್ಬರಿಗೂ ಇದು ಸಲ್ಲಲಿ ಎಂದೇ. ಮಂತ್ರ ಕೆತ್ತಿದ ಕಲ್ಲು ಚಂದವೆಂದು ಎತ್ತಿಕೊಳ್ಳುವುದು, ಗೋಡೆಯ ಮೇಲೆ ಬ್ಯಾಗು ಒರಗಿಸಿ ಕೂರುವುದು ಬೇಡ. ಮೂರು ಚೊರ್ಟೆನ್‌ಗಳು ಕಿತ್ತಳೆ, ಬಿಳಿ, ನೀಲಿ ಬಣ್ಣದಲ್ಲಿ ಸಾಲಾಗಿ ನಿಂತಿದ್ದರೆ ಅವು ಮಂಜುಶ್ರೀ, ಅವಲೋಕಿತೇಶ್ವರ, ವಜ್ರಪಾಣಿಯರ ಗುರುತು, ಊರಿನ ಕಾವಲು. ಇನ್ನು ಚಿಲುಮೆಗಳ ವಿಷಯ. ನೀರಿನ ಹುಟ್ಟಿನಲ್ಲಿ ‘ಲ್ಹು’ ಎಂಬ ಶಕ್ತಿಗಳು ವಾಸಿಸುತ್ತವೆ, ಹೊಲಸು ಮಾಡಿದರೆ ಮುನಿಯುತ್ತವೆ ಎಂದು ಲಡಾಖಿಗರ ನಂಬಿಕೆ. ಸಂಸ್ಕೃತದ ‘ನಾಗ’ ಶಬ್ದವನ್ನು ಟಿಬೆಟನ್ನರು ಅನುವಾದಿಸಿಕೊಂಡದ್ದೇ ಈ ಪದದಿಂದ. ನಾಗಬನಕ್ಕೆ ಕೈಮುಗಿದು ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಪು, ಬಟ್ಟೆ, ಪಾತ್ರೆ ಯಾವುದನ್ನೂ ಚಿಲುಮೆಯಲ್ಲೋ ಕಾಲುವೆಯಲ್ಲೋ ತೊಳೆಯಬಾರದು. ಕೆಳಗಿನ ಮನೆಯವರು ಕುಡಿಯುವುದು ಆ ನೀರನ್ನೇ.

ಹೊಳೆ ದಾಟುವ ಜಾಗಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಎಲ್ಲೋ ಸೇತುವೆ ಇರುತ್ತದೆ, ಎಲ್ಲೋ ಕೊಚ್ಚಿಹೋಗಿರುತ್ತದೆ. ಇಲ್ಲಿನ ನೀರು ಮಳೆಯದಲ್ಲ, ಹಿಮದ್ದು. ಬಿಸಿಲೇರಿದಂತೆ ಮೇಲೆ ಹಿಮ ಕರಗುತ್ತದೆ, ಆ ನೀರು ಕೆಳಗೆ ತಲುಪುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತದೆ. ಬೆಳಗ್ಗೆ ಮೊಣಕಾಲಿನ ಕೆಳಗಿದ್ದ ಹೊಳೆ ಸಂಜೆ ತೊಡೆಗೆ ಬರುತ್ತದೆ, ಬಣ್ಣವೂ ಬೂದಿಯಾಗಿರುತ್ತದೆ. ಹಾಗಾಗಿ ದಾಟುವುದೇನಿದ್ದರೂ ಬೆಳಗ್ಗೆ. ಬರಿಗಾಲು ಬೇಡ, ಪಟ್ಟಿಯ ಚಪ್ಪಲಿ ಹಾಕಿಕೊಳ್ಳಿ. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಕಳಚಿಕೊಳ್ಳಬಹುದು. ನೀರು ಹರಿದುಬರುವ ಕಡೆಗೆ ಮುಖ ಮಾಡಿ, ಕೋಲೂರಿ, ಒಂದೊಂದೇ ಹೆಜ್ಜೆ ಸರಿಯುವುದು. ಅಗಲವಾಗಿ ಹರಡಿ ಹರಿಯುವ ಕಡೆ ನೀರು ತೆಳು, ಇಕ್ಕಟ್ಟಾದ ಕಡೆ ಆಳ. ತಡವಾಗಿ ಬಂದು ನೀರು ಏರಿದ್ದರೆ ದಂಡೆಯಲ್ಲೇ ಆ ರಾತ್ರಿ ಕಳೆಯುವುದು ಬುದ್ಧಿವಂತಿಕೆ, ಬೆಳಗಾದರೆ ಹೊಳೆ ತಾನೇ ಇಳಿದಿರುತ್ತದೆ.

ಮಾರ್ಖಾದಿಂದ ಹಂಕರ್‌ಗೆ ಸಣ್ಣ ದಿನ. ನಡುವೆ ಬಂಡೆಯ ತಲೆಯ ಮೇಲೆ ತೆಚಾ ಗೊಂಪಾ, ಮುಂದೆ ಎದುರಿಗೆ 6,400 ಮೀಟರಿನ ಕಾಂಗ್ ಯಾತ್ಸೆ ಶಿಖರ ಕಾಣಿಸಿಕೊಳ್ಳುತ್ತದೆ. ಹಂಕರ್ ಕಣಿವೆಯ ಕೊನೆಯ ಹಳ್ಳಿ, ಸುಮಾರು 4,000 ಮೀಟರ್. ಎಷ್ಟೋ ಗುಂಪುಗಳು ತಪ್ಪು ಮಾಡುವುದು ಇಲ್ಲಿಂದ ಮುಂದೆ. ಮರುದಿನದ ತಂಗುದಾಣ ನಿಮಾಲಿಂಗ್ ಇರುವುದು 4,700 ಮೀಟರಿಗೂ ಮೇಲೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ನಿಯಮ. ಹಂಕರ್‌ನಿಂದ ನಿಮಾಲಿಂಗ್‌ಗೆ ಒಂದೇ ದಿನದಲ್ಲಿ 700ಕ್ಕೂ ಹೆಚ್ಚು ಏರಿದಂತಾಗುತ್ತದೆ. ನಡುವೆ 4,200ರ ಸುಮಾರಿನಲ್ಲಿ ಥಚುಂಗ್‌ತ್ಸೆ ಎಂಬ ಹುಲ್ಲುಗಾವಲಿದೆ. ಒಂದು ರಾತ್ರಿ ಅಲ್ಲಿ ಕಳೆಯಿರಿ, ಇಲ್ಲವೇ ಹಂಕರ್‌ನಲ್ಲೇ ಎರಡು ರಾತ್ರಿ ಇದ್ದು ನಡುವಿನ ದಿನ ಮೇಲೆ ಹತ್ತಿ ಇಳಿದು ಬನ್ನಿ. ಆರು ದಿನಕ್ಕೆ ಕೂಡಿಸಿದ ಯೋಜನೆಗಳು ಉಳಿಸುವ ಒಂದು ದಿನ ಇದೇ ದಿನ. ಚಾರಣ ಏರ್ಪಡಿಸುವವರ ಜೊತೆ ಮಾತಾಡುವಾಗ ನಾನು ಪಟ್ಟು ಹಿಡಿದು ಕೇಳುವುದೂ ಇದನ್ನೇ.

ನಿಮಾಲಿಂಗ್ ಹಳ್ಳಿಯಲ್ಲ, ಕಣಿವೆಯವರ ಬೇಸಿಗೆಯ ದೊಡ್ಡಿ. ಕುರಿ, ಮೇಕೆ, ಯಾಕ್, ಯಾಕ್-ಹಸುವಿನ ಮಿಶ್ರತಳಿಯಾದ ದ್ಝೊಗಳನ್ನು ಹೊಡೆದುಕೊಂಡು ಬಂದು ಬೇಸಿಗೆ ಪೂರ್ತಿ ಇಲ್ಲಿ ಮೇಯಿಸಿ, ಬೆಣ್ಣೆ, ಒಣಗಿಣ್ಣು ಮಾಡಿ ಒಯ್ಯುತ್ತಾರೆ. ನಡಿಗೆಯವರಿಗೆ ಬೇಸಿಗೆಯಲ್ಲಿ ಡೇರೆಗಳು, ಊಟದ ಏರ್ಪಾಡು ಇರುತ್ತವೆ. ಆಗಸ್ಟ್‌ನಲ್ಲೂ ರಾತ್ರಿ ನೀರು ಹೆಪ್ಪುಗಟ್ಟಬಹುದು. ಬಾಟಲಿಯನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ. ಇಲ್ಲಿ ಯಾರಿಗಾದರೂ ಕಾಯಿಲೆಯಾದರೆ ಒಂದು ಮಾತು ಗಟ್ಟಿಯಾಗಿ ನೆನಪಿರಲಿ: ನಾಳೆ ಘಾಟಿ ದಾಟಿದರೆ ಆಚೆ ರಸ್ತೆ ಸಿಗುತ್ತದಲ್ಲ ಎಂದು ಮುಂದೆ ಕರೆದೊಯ್ಯಬಾರದು. ಆಚೆ ಇಳಿಯಬೇಕಾದರೆ ಮೊದಲು ಇನ್ನೂ ಸುಮಾರು 500 ಮೀಟರ್ ಏರಬೇಕು. ಇಳಿಯುವ ದಾರಿ ಹಿಂದಕ್ಕೆ, ಹಂಕರ್‌ಗೆ.

ಕೊಂಗ್ಮಾರು ಲಾ ಸುಮಾರು 5,200 ಮೀಟರ್. ಬೆಳಕು ಹರಿಯುವ ಮುನ್ನ ಹೊರಟರೆ ಗಾಳಿ ಏಳುವ ಮೊದಲು ತಲೆ ತಲುಪಬಹುದು. ಮಾತಾಡುತ್ತ ನಡೆಯಲು ಆಗುವಷ್ಟು ನಿಧಾನ ಇರಲಿ. ಮಾತು ಕಡಿದರೆ ವೇಗ ಹೆಚ್ಚಾಯಿತೆಂದರ್ಥ. ಮೇಲೆ ಕಲ್ಲುರಾಶಿ, ಬಾವುಟಗಳ ಸಾಲು. ನೀಲಿ ಆಕಾಶಕ್ಕೆ, ಬಿಳಿ ಗಾಳಿಗೆ, ಕೆಂಪು ಬೆಂಕಿಗೆ, ಹಸಿರು ನೀರಿಗೆ, ಹಳದಿ ಭೂಮಿಗೆ. ಜೊತೆಗೆ ಬಂದ ಲಡಾಖಿಗರು ‘ಕಿ ಕಿ ಸೊ ಸೊ ಲ್ಹಾ ಗ್ಯಾಲೊ’ ಎಂದು ಕೂಗುತ್ತಾರೆ, ದೇವರಿಗೆ ಜಯವಾಗಲಿ ಎಂದು. ನಾನೂ ಕೂಗುತ್ತೇನೆ. ಅಷ್ಟು ದೂರ ನಡೆಸಿ ತಂದವರಿಗೆ ಕೃತಜ್ಞತೆ ಹೇಳದೆ ಇಳಿಯಲು ಮನಸ್ಸು ಬರುವುದಿಲ್ಲ.

ಇಳಿಜಾರು ಏರಿಗಿಂತ ಕಷ್ಟ. ಚೊಗ್ದೊ ಹಳ್ಳಿಯವರೆಗೆ ಸಾವಿರ ಮೀಟರಿಗೂ ಮಿಕ್ಕಿ ಇಳಿಯಬೇಕು, ಕೊರಕಲಿನೊಳಗೆ ತೊರೆಯನ್ನು ಮತ್ತೆ ಮತ್ತೆ ದಾಟುತ್ತ. ಮಂಡಿನೋವಿನವರಿಗೆ ಎರಡು ಕೋಲು ಬೇಕೇಬೇಕು. ಕುದುರೆಯವರು ಹಿಂದಿನಿಂದ ಬಂದರೆ ಬೆಟ್ಟದ ಗೋಡೆಯ ಕಡೆಗೆ ಸರಿದು ನಿಲ್ಲಿ, ಕಮರಿಯ ಕಡೆಗಲ್ಲ. ಹೇರಿದ ಮೂಟೆ ತಾಗಿದರೂ ಸಾಕು, ಮನುಷ್ಯ ಉರುಳುತ್ತಾನೆ.

ಇನ್ನು ಸಣ್ಣ ಪುಟ್ಟ ಸಂಗತಿಗಳು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಕಣಿವೆಯೊಳಗೆ ಯಾವುದನ್ನೂ ನೆಚ್ಚುವಂತಿಲ್ಲ. ಪರವಾನಗಿಯಿಲ್ಲದೆ ಉಪಗ್ರಹ ಫೋನು, ಉಪಗ್ರಹ ಸಂದೇಶ ಸಾಧನ ಒಯ್ಯುವುದು ಕಾನೂನಿಗೆ ವಿರುದ್ಧ. ಹಿಂತಿರುಗುವ ದಿನವನ್ನು ಲೇಹ್‌ನ ಅತಿಥಿಗೃಹದಲ್ಲಿ ಬರೆದಿಟ್ಟು ಹೋಗಿ. ಗುರುತಿನ ಚೀಟಿ ಜೊತೆಗಿರಲಿ, ಉದ್ಯಾನದ ಪ್ರವೇಶ ಶುಲ್ಕದ ರಸೀದಿ ಜೋಪಾನ. ಮನೆಗಳಲ್ಲಿ ಹಾಸಿಗೆ, ರಜಾಯಿ ಇರುವುದರಿಂದ ಬ್ಯಾಗು ಎಂಟು ಕಿಲೋ ದಾಟಬೇಕಿಲ್ಲ: ಬೆಚ್ಚನೆಯ ಜಾಕೆಟ್, ಟೊಪ್ಪಿಗೆ, ಕೈಗವಸು, ಮಳೆಯಂಗಿ, ಕಪ್ಪು ಕನ್ನಡಕ, ಊರಿನಲ್ಲೇ ತಿಂಗಳು ಮೊದಲು ಹಾಕಿ ನಡೆದು ಪಳಗಿಸಿದ ಶೂ. ತುಟಿಗೆ, ಮೂಗಿಗೆ ಸನ್‌ಸ್ಕ್ರೀನ್. ನೀರಿನ ಬಾಟಲಿ ಕೊಳ್ಳುತ್ತ ಹೋಗದೆ ಮನೆಗಳಲ್ಲಿ ಕುದಿಸಿದ ನೀರನ್ನು ತುಂಬಿಸಿಕೊಳ್ಳಿ, ಕೇಳಿದರೆ ಸಂತೋಷವಾಗಿ ಕೊಡುತ್ತಾರೆ.

ಗಾಡಿ ಸಿಗುವುದು ಚೊಗ್ದೊ ಅಥವಾ ಶಾಂಗ್ ಸುಮ್ಡೋದಲ್ಲಿ, ಮೊದಲೇ ಹೇಳಿಟ್ಟಿದ್ದರೆ. ಅಲ್ಲಿಂದ ಲೇಹ್‌ಗೆ ಹೋಗುವ ದಾರಿಯಲ್ಲೇ ಹೆಮಿಸ್ ಗೊಂಪಾದ ಕವಲು ಸಿಗುತ್ತದೆ. 17ನೇ ಶತಮಾನದಲ್ಲಿ ರಾಜ ಸೆಂಗೆ ನಮ್‌ಗ್ಯಾಲ್‌ನ ಆಶ್ರಯದಲ್ಲಿ ಬೆಳೆದ ಮಠ. ಟಿಬೆಟನ್ ಪಂಚಾಂಗದ ಐದನೆಯ ತಿಂಗಳ ಹತ್ತನೆಯ ದಿನ, ನಮ್ಮ ಲೆಕ್ಕದಲ್ಲಿ ಜೂನ್ ಇಲ್ಲವೇ ಜುಲೈ, ಅಲ್ಲಿ ಮುಖವಾಡದ ಕುಣಿತದ ಹಬ್ಬ ನಡೆಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಮಂಗನ ವರ್ಷದಲ್ಲಿ ಮಠದ ದೊಡ್ಡ ಥಂಕಾವನ್ನು, ಅಂದರೆ ಬಟ್ಟೆಯ ಚಿತ್ರಪಟವನ್ನು, ಗೋಡೆಯುದ್ದಕ್ಕೂ ಇಳಿಬಿಡುತ್ತಾರೆ. ಹಿಂದಿನ ಸಲ 2016ರಲ್ಲಿ ಆಗಿತ್ತು, ಮುಂದಿನದು 2028ರಲ್ಲಿ. ಚಾರಣವನ್ನು ಆ ಹಬ್ಬಕ್ಕೆ ಹೊಂದಿಸಿಕೊಳ್ಳುವವರು ಹಬ್ಬದ ದಿನದಿಂದ ಹನ್ನೆರಡು ದಿನ ಹಿಂದಕ್ಕೆ ಎಣಿಸಿ ಲೇಹ್‌ನಲ್ಲಿ ಇಳಿಯುವ ದಿನ ಗೊತ್ತುಮಾಡಿಕೊಳ್ಳಲಿ. ಮೂರು ದಿನ ಲೇಹ್‌ಗೆ, ಏಳು ಕಣಿವೆಗೆ, ಒಂದು ಹೊಳೆಗೆ, ಒಂದು ತಲೆನೋವಿಗೆ.